ಮೂರನೇ ಕಾಯಿಲಿನ ಕುಂಕುಮ

ಡಿಸೆಂಬರ್ 6, ಶುಕ್ರವಾರ

ಬೀಜದ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಹನ್ನೊಂದು ತಿಂಗಳು ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಕೂತಿತ್ತು. ಇವತ್ತು ಒರೆಸಿ ತೆಗೆದಿದ್ದೇನೆ. ಬರೆಯುವ ಚಟ ನನಗಿಲ್ಲ. ಆದರೆ ಯಜಮಾನರ ಬಿ.ಪಿ. ಏರದ ಹಾಗೆ ನೋಡಿಕೊಳ್ಳಿ, ಎದುರು ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಎದುರು ಮಾತಾಡದೆ ಆರು ವಾರ ನಾನು ಬದುಕುವುದು ಹೇಗೆ? ಅದಕ್ಕೇ ಇಲ್ಲಿ ಮಾತಾಡುತ್ತೇನೆ. ಇವರ ಓದುವ ಕನ್ನಡಕ ನಾನೇ ಎತ್ತಿಟ್ಟಿದ್ದೇನೆ, ಆದ್ದರಿಂದ ಭಯವಿಲ್ಲ.

ಯಾರ ತಪ್ಪು ಎಂದು ನಾಳೆ ಗೊಂದಲವಾಗಬಾರದು, ಮೊದಲಿನಿಂದ ಬರೆದಿಡುತ್ತೇನೆ. ನಮ್ಮದೊಂದು ಪೆಟ್ರೋಲ್ ಪಿಕಪ್ ಇದೆ. ಗಾಣಗಾಪುರದ ಪೂಜಾ ಅಂಗಡಿಗಳಿಗೆ ತೆಂಗಿನಕಾಯಿ ಮುಟ್ಟಿಸುವುದು ನಮ್ಮ ಮನೆಯವರ, ಅಂದರೆ ಕಲ್ಲಿನಾಥರ, ಕೆಲಸ. ದಸರೆಯ ಹೊತ್ತಿಗೆ ಗಾಡಿ ಮಿಸ್ಸಿಂಗ್ ಹೊಡೆಯಿತು. ಅಂದರೆ ಏರು ಬಂದರೆ ಕೆಮ್ಮುವುದು, ನಡುಗುವುದು, ಮುಂದೆ ಹೋಗದಿರುವುದು. ಪಕ್ಕದ ಮನೆಯ ರಾಜೇಸಾಬ ನಮ್ಮೂರು ಹಿರೋಳ್ಳಿಗೆಲ್ಲ ಒಬ್ಬರೇ ಮೆಕ್ಯಾನಿಕ್, ಇವರ ಮೂವತ್ತು ವರ್ಷದ ಗೆಳೆಯ. ಅವರು ಎಂಜಿನ್ನಿನ ನಾಲ್ಕು ಕಾಯಿಲುಗಳಲ್ಲಿ ಮೂರನೆಯದನ್ನು ತೆಗೆದು ಹೊಸದು ಹಾಕಿದರು. ಗಾಡಿ ಚೆಂದ ಓಡಿತು. ದೀಪಾವಳಿ ದಾಟಿದ್ದೇ ತಡ, ಮತ್ತದೇ ರಾಗ.

ಇವರು ಸಿಟ್ಟಿನ ಭರದಲ್ಲಿ ಗುರಣ್ಣನ ಚಹಾ ಹೊಟೇಲಿನಲ್ಲಿ, ನಾಲ್ಕು ಮಂದಿ ಎದುರಿಗೆ, "ರಾಜೇಸಾಬ ನನಗ ಡುಪ್ಲಿಕೇಟ್ ಮಾಲು ಹಾಕ್ಯಾನ" ಅಂದುಬಿಟ್ಟರು. ರಾಜೇಸಾಬ ಅಲ್ಲೇ ಮೂಲೆಯಲ್ಲಿದ್ದರು. ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋದರು. ಅವತ್ತಿನಿಂದ ಮಾತಿಲ್ಲ. ಊರ ಗಾಡಿಗಳೂ ಈಗ ಅವರ ಅಂಗಡಿ ದಾಟಿ ಆಳಂದಕ್ಕೆ ಹೋಗುತ್ತವಂತೆ. ಮರುವಾರ ಇವರು ಪಿಕಪ್ಪಿನ ಹಿಂದಿನಿಂದ ಇಳಿಯುವಾಗ ಕಾಯಿಯೊಂದರ ಮೇಲೆ ಕಾಲಿಟ್ಟು ಬಿದ್ದರು. ಬಲಗಾಲಿಗೆ ಆರು ವಾರದ ಪ್ಲಾಸ್ಟರು.

ಡುಪ್ಲಿಕೇಟ್ ಹಾಕಿದ್ದು ನನಗೂ ಸರಿ ಕಾಣಲಿಲ್ಲ. ಅಂಥ ಗಾಡಿ ಅದು! ಅದಕ್ಕೆ ನಾನು ಮಾಡುವಷ್ಟು ಪೂಜೆ ಈ ಊರಲ್ಲಿ ಯಾರೂ ತಮ್ಮ ಗಾಡಿಗೆ ಮಾಡುವುದಿಲ್ಲ. ದೀಪಾವಳಿ ಪಾಡ್ಯದ ದಿನ ಐದು ಕಾಯಿ ಒಡೆದಿದ್ದೇನೆ.

ಈ ತಿಂಗಳು ಮೂವತ್ತಕ್ಕೆ ಎಳ್ಳ ಅಮಾವಾಸ್ಯೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕು. ಹೊಲ ಆರು ಕಿಲೋಮೀಟರ್. ರಾಜೇಸಾಬರ ಮನೆಯವರು ಬಾರದ ಅಮಾವಾಸ್ಯೆ ನನ್ನ ಮದುವೆಯಾದಾಗಿನಿಂದ ಒಂದೂ ಇಲ್ಲ. "ಈ ಸಲ ಅವರಿಗಿ ಕರೀಬ್ಯಾಡ" ಎಂದು ಇವರು ಗೋಡೆ ಕಡೆ ತಿರುಗಿ ಮಲಗಿದರು. ರಾಜೇಸಾಬರ ಹೆಂಡತಿ ಹಮೀದಾ ಇಲ್ಲದೆ ಅಮಾವಾಸ್ಯೆಯ ಬಜ್ಜಿ ಪಲ್ಲೆಯ ಸೊಪ್ಪು, ಕಾಳನ್ನೆಲ್ಲ ನಾನೊಬ್ಬಳೇ ಸೋಸಬೇಕೇ?

ರಾತ್ರಿ ಬೇಳೆಗೆ ಉಪ್ಪು ಕಡಿಮೆ ಅಂದರು. ಈ ಸಲದ ಉಪ್ಪಿನಲ್ಲಿ ಸತ್ವವಿಲ್ಲ. ತಪ್ಪು ನನ್ನದಲ್ಲ.

ಡಿಸೆಂಬರ್ 8, ಭಾನುವಾರ

ಆಳಂದದ ಗ್ಯಾರೇಜಿಗೆ ಫೋನ್ ಮಾಡಿದೆವು. "ಗಾಡಿ ತಗೊಂಡು ಬರ್ರಿ" ಎಂದರು. ಗಾಡಿ ಬರುವ ಹಾಗಿದ್ದರೆ ಅವರಿಗೆ ಯಾಕೆ ಫೋನ್ ಮಾಡುತ್ತಿದ್ದೆವು? ಊರಿಗೇ ಬರಬೇಕೆಂದರೆ ಅಮಾವಾಸ್ಯೆ ಆದ ಮೇಲಂತೆ. ಅಮಾವಾಸ್ಯೆಗೆ ಬೇರೆ ಗಾಡಿ ಕೇಳೋಣವೆಂದರೆ ಅವತ್ತು ಎಲ್ಲರೂ ಅವರವರ ಹೊಲಕ್ಕೆ ಹೋಗುವವರೇ.

ಇವರು ಮಂಚದ ಮೇಲಿನಿಂದ, "ಕಾಯಿಲ್ ಬದಲಿ ಮಾಡೋದು ದೊಡ್ಡ ಕೆಲಸೇನಲ್ಲ. ನನ್ನ ಕಾಲು ನೆಟ್ಟಗಿದ್ದಿದ್ರ ತಾಸಿನ ಮಾತು. ನಾಲ್ಕೂ ಹೊಸಾವು ಹಾಕಿದ್ರ ಮುಗೀತು" ಎಂದರು.

"ಹಂಗಾದ್ರ ನಾ ಹಾಕ್ತೇನಿ" ಎಂದೆ.

ನಕ್ಕರು. ಕಾಲು ನೋಯುವಷ್ಟು ನಕ್ಕರು. "ರೊಟ್ಟಿ ಬಡಿಯೋ ಕೈ ಅದು."

"ಹೌದ್ರಿ. ನಿಮ್ಮ ಬೋಲ್ಟು ಬಿಗಿಯೋ ಪಾನಾಕ್ಕಿಂತ ಗಟ್ಟಿ ಅದ."

ಎದುರು ಮಾತಾಡಬಾರದೆಂದು ಡಾಕ್ಟರು ಹೇಳಿದ್ದು ಆಮೇಲೆ ನೆನಪಾಯಿತು. ಆದರೆ ಇವರ ಮುಖ ಹದಿನೈದು ದಿನದ ಮೇಲೆ ಇವತ್ತೇ ಸ್ವಲ್ಪ ಗೆಲುವಾಗಿತ್ತು. ಮಧ್ಯಾಹ್ನವೆಲ್ಲ ಪಾಠ ಮಾಡಿದರು. ಎಂಜಿನ್ನಿಗೆ ನಾಲ್ಕು ಕಾಯಿಲ್. ಬ್ಯಾಟರಿಯ ಸಣ್ಣ ಕರೆಂಟನ್ನು ಕಾಯಿಲ್ ದೊಡ್ಡದು ಮಾಡಿ ಅಡಿಯ ಪ್ಲಗ್ಗಿಗೆ ಕೊಡುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ, ಕಿಡಿಗೆ ಪೆಟ್ರೋಲ್ ಹೊತ್ತುತ್ತದೆ. ಒಂದು ಸತ್ತರೆ ಉಳಿದ ಮೂರೇ ಎಳೆಯಬೇಕು. ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಕೈಬಿಟ್ಟ ಹಾಗೆ. ಇಷ್ಟೇ ತಾನೆ? ಇದಕ್ಕೆ ಗಂಡಸರು ಇಷ್ಟು ವರ್ಷ ಮುಖ ಗಂಟು ಹಾಕಿಕೊಂಡು ಓಡಾಡಿದ್ದು!

ಡಿಸೆಂಬರ್ 11, ಬುಧವಾರ

ಮಂಚವನ್ನು ಅಂಗಳದ ಬೇವಿನ ನೆರಳಿಗೆ ಎಳೆದೆ. ನಮ್ಮ ಗಾಡಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತುವುದು ನನಗೆ ಹೊಸದಲ್ಲ, ಪೂಜೆಗೆಂದು ಎಷ್ಟೋ ಸಲ ಎತ್ತಿದ್ದೇನೆ. ಬಿಚ್ಚುವುದು ಹೊಸದು.

"ಮೊದಲು ಬ್ಯಾಟರಿ ಕರೇ ವೈರು ತೆಗಿ. ಅದು ಕೆಂಪು! ಕರೇದು, ಕರೇದು!"

"ಕಣ್ಣು ನನಗೂ ಅವ. ಒದರಬ್ಯಾಡ್ರಿ."

ಕಾಯಿಲಿನ ಬೋಲ್ಟಿಗೆ ಹತ್ತರ ಗೋಟಿ ಪಾನಾ, ಅಂದರೆ ಬೋಲ್ಟಿನ ತಲೆಗೆ ಟೊಪ್ಪಿಗೆಯಂತೆ ಕೂರುವ ಹತ್ತನೇ ಅಳತೆಯ ಪಾನಾ, ಬೇಕು. ನಮ್ಮ ಡಬ್ಬಿಯಲ್ಲಿ ಎಂಟರಿಂದ ಇಪ್ಪತ್ತೆರಡರ ತನಕ ಎಲ್ಲ ಇವೆ, ಹತ್ತರದು ಮಾತ್ರ ಇಲ್ಲ. ಯಾರು ಕಳೆದರು ಎಂದು ನಾವಿಬ್ಬರೂ ವಾದ ಮಾಡುತ್ತಿದ್ದಾಗ ಹಮೀದಾ ತಟ್ಟೆ ಮುಚ್ಚಿದ ಬೋಗುಣಿ ಹಿಡಿದು ಬಂದಳು. ಹೊಟೇಲಿನ ಆ ಮಾತಾದ ಮೇಲೆ ಅವಳು ನಮ್ಮ ಹೊಸ್ತಿಲು ತುಳಿದದ್ದು ಇದೇ ಮೊದಲು.

"ಪುಂಡಿ ಪಲ್ಲೆ ಮಾಡಿದ್ದೆ, ತಂದೇನಿ" ಎಂದಳು. ಬೋಗುಣಿಯಲ್ಲಿ ಮೇಲೊಂದು ಬಟ್ಟಲು ಪಲ್ಲೆ, ಅದರ ಅಡಿಯಲ್ಲಿ ಬಟ್ಟೆ ಸುತ್ತಿದ ಹತ್ತರ ಗೋಟಿ ಪಾನಾ. "ನಮ್ಮವರೇನು ಕೊಟ್ಟು ಕಳ್ಸಿಲ್ಲ ಮತ್ತ. ನಿನ್ನ ಗಂಡ ಒದರೋದು ಓಣಿಗೆಲ್ಲಾ ಕೇಳಾಕತ್ತದ. ಹಿಂಗೇ ಕೈಗಿ ಸಿಕ್ತು, ತಂದೆ."

ನಾನು ಮೊದಲನೇ ಕಾಯಿಲನ್ನು ಎಳೆದೆ, ಬರಲಿಲ್ಲ. ಹಮೀದಾ ಆಕಾಶ ನೋಡುತ್ತಾ, "ನಮ್ಮ ಮನ್ಯಾಗ ಹಿಂಗ ಮಾತು ಬಂತು" ಎಂದಳು. "ಯಾರರೆ ಎಲ್ಲರೆ ಕಾಯಿಲ್ ತೆಗದ್ರ ಒಮ್ಮೆಲೇ ಎಳೀಬಾರದಂತ. ಮೊದಲು ಅತ್ತ ಇತ್ತ ತಿರುವಬೇಕಂತ."

ತಿರುವಿದೆ. ಬೆಣ್ಣೆಯಲ್ಲಿದ್ದ ಕೂದಲಿನ ಹಾಗೆ ಎದ್ದು ಬಂತು. ಮಂಚದ ಕಡೆ ನೋಡಿದರೆ ಇವರು ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡುತ್ತಿದ್ದರು. ಹಮೀದಾ ಹೋದ ಮೇಲೆ ಪುಂಡಿ ಪಲ್ಲೆಗೆ ಎರಡು ರೊಟ್ಟಿ ಹೆಚ್ಚೇ ಉಂಡರು.

ಡಿಸೆಂಬರ್ 12, ಗುರುವಾರ

ತೆಗೆದ ಕಾಯಿಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಆಳಂದಕ್ಕೆ ಹೋದೆ. ಬಿಡಿಭಾಗದ ಅಂಗಡಿಯವನು ಅದರ ಮೇಲಿನ ನಂಬರು ಓದಿ, "ಮೆಕ್ಯಾನಿಕ್ ಯಾರ್ರಿ?" ಎಂದ.

"ನಾನೇ" ಎಂದೆ, ಅವನ ಬಾಯಿ ಮುಚ್ಚಿಸಲು.

ಮುಚ್ಚಲಿಲ್ಲ. ಚಹಾ ತರಿಸಿದ. ಹಿರೋಳ್ಳಿಯಿಂದ ಬಂದೆನೆಂದು ಕೇಳಿ, "ನಿಮ್ಮೂರ ರಾಜೇಸಾಬ ಆರಾಮ್ ಇದ್ದಾರೇನ್ರಿ? ತಿಂಗಳಾತು, ಈ ಕಡಿ ಬಂದೇ ಇಲ್ಲ. ಇಪ್ಪತ್ತು ವರ್ಷ ಆತು, ಕಂಪನಿ ಮಾಲು ಬಿಟ್ಟು ಬ್ಯಾರೇದು ಕೈಯಿಂದ ಮುಟ್ಟಿಲ್ಲ ಮನಷ್ಯಾ. ದಸರಾಕ್ಕ ಇದೇ ಕಾಯಿಲ್ ಒಂದು ಒಯ್ದಿದ್ರು" ಎಂದ.

ಇದೇ ಕಾಯಿಲ್. ಇದೇ ಡಬ್ಬಿ. ನಾಲ್ಕು ಹೊಸ ಕಾಯಿಲ್ ಕೊಂಡು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಡುಪ್ಲಿಕೇಟ್ ಅಲ್ಲವೆಂದ ಮೇಲೆ ಅದು ತಿಂಗಳೊಳಗೇ ಸತ್ತದ್ದು ಯಾಕೆ? ಪೆಟ್ರೋಲಿನಲ್ಲಿ ಏನೋ ಬೆರೆಸಿರಬೇಕು. ಅಥವಾ ಇವರು ಕಾಯಿ ಹೆಚ್ಚು ಹೇರಿರಬೇಕು. ನಾನಂತೂ ಏನೂ ಮಾಡಿಲ್ಲ.

ಡಿಸೆಂಬರ್ 14, ಶನಿವಾರ

ಹೇಗೆ ಬರೆಯಲಿ.

ಮಧ್ಯಾಹ್ನ ಇವರಿಗೆ ನಿಜವಾಗಿಯೂ ನಿದ್ದೆ ಬಂದಿತ್ತು. ನಾನೊಬ್ಬಳೇ ಗಾಡಿಯ ಹತ್ತಿರ. ಎರಡನೇ ಕಾಯಿಲ್ ಬದಲಿಸಿದೆ, ಹಾಡು ಗುನುಗಿಕೊಂಡೇ. ಮೂರನೆಯದನ್ನು ತಿರುವಿ ಎತ್ತಿದೆ. ಅದರ ರಬ್ಬರಿನ ಕೊಳವೆ ತುದಿಯವರೆಗೆ ಕೆಂಪು. ತುಕ್ಕೇನೋ ಎಂದುಕೊಂಡೆ. ಪ್ಲಗ್ ಕೂರುವ ಕುಣಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ತುಕ್ಕಲ್ಲ. ಕುಂಕುಮದ ಕೆಸರು. ಅದರಲ್ಲೊಂದು ಒಣಗಿದ ಕೊಬ್ಬರಿಯ ಚೂರು, ಒಂದು ಅಕ್ಷತೆ ಕಾಳು.

ಪಾಡ್ಯದ ದಿನ ಸೀಟು ಎತ್ತಿ ಎಂಜಿನ್ನಿಗೆ ನಾಲ್ಕು ತಂಬಿಗೆ ನೀರು ಹಾಕಿ ತೊಳೆದವಳು ನಾನು. ಕುಂಕುಮ ಕಲಸಿ ಸುರಿದವಳು ನಾನು. ಹೊಸ ಕಾಯಿಲ್ ಬಂದಿದೆ, ಅದಕ್ಕೆ ವಿಶೇಷ ಇರಲಿ ಎಂದು ಐದನೇ ಕಾಯಿಯನ್ನು ನೇರ ಅದರ ನೆತ್ತಿಯ ಮೇಲೇ ಒಡೆದವಳೂ ನಾನೇ. ಇವರು ಅವತ್ತು ಹೂವು ತರಲು ಹೋಗಿದ್ದರು. ಬಂದಾಗ ಸೀಟು ಕೆಳಗಿತ್ತು, ಮೇಲೆ ಹಾರ ಇತ್ತು. ಯಾರೂ ನೋಡಿಲ್ಲ.

ಅವಸರದಲ್ಲಿ ಬಟ್ಟೆಯಿಂದ ಮೇಲೆ ಮೇಲೆ ಒರೆಸಿ ಹೊಸ ಕಾಯಿಲ್ ಕೂರಿಸಿಬಿಟ್ಟೆ. ಹಳೆಯದನ್ನು ಸಜ್ಜೆಯ ಡಬ್ಬಿಯಲ್ಲಿ ಹೂತಿಟ್ಟೆ. ಇವರು ಎದ್ದು, "ಮೂರನೇದು ಹ್ಯಾಂಗಿತ್ತು?" ಎಂದರು. "ಹ್ಯಾಂಗಿರ್ತದ? ಕಾಯಿಲ್ ಇದ್ದಂಗ ಇತ್ತು" ಎಂದೆ.

ಡಿಸೆಂಬರ್ 15, ಭಾನುವಾರ

ರೊಟ್ಟಿ ಸುಟ್ಟವು. ಮಗಳು ಸಪ್ನಾ ಜೇವರ್ಗಿಯಿಂದ ಫೋನ್ ಮಾಡಿ ಅಮಾವಾಸ್ಯೆಗೆ ಬರುತ್ತೇನೆಂದಳು. ದನಿ ಯಾಕೆ ಹೀಗಿದೆ ಎಂದು ಕೇಳಿದಳು. ನೆಗಡಿ ಎಂದು ಸುಳ್ಳು ಹೇಳಿದೆ.

ಡಿಸೆಂಬರ್ 17, ಮಂಗಳವಾರ

ನಾಲ್ಕೂ ಹೊಸ ಕಾಯಿಲ್ ಹಾಕಿ ಚಾಬಿ ತಿರುಗಿಸಿದೆ. ಗಾಡಿ ಹೊತ್ತಿಕೊಂಡಿತು. ಕೈ ಜೋಡಿಸಬೇಕೆನ್ನುವಷ್ಟರಲ್ಲಿ ಮತ್ತೆ ಅದೇ ನಡುಕ, ಅದೇ ಕೆಮ್ಮು. ಇವರ ಮುಖ ಸಣ್ಣದಾಯಿತು. ಆಮೇಲೆ ಸಿಟ್ಟಾಯಿತು. "ಅಂವ ಪ್ಲಗ್ಗೂ ಡುಪ್ಲಿಕೇಟ್ ಹಾಕ್ಯಾನ, ಮತ್ತೇನು!"

ಹಮೀದಾ ಸಂಜೆ ಕೊತ್ತಂಬರಿ ಕೇಳುವ ನೆವದಲ್ಲಿ ಬಂದಳು. ಅವರ ಹಿತ್ತಲಲ್ಲೇ ಬುಟ್ಟಿಗಟ್ಟಲೆ ಕೊತ್ತಂಬರಿ ಇದೆ. "ನಮ್ಮ ಮನ್ಯಾಗ ಹಿಂಗ ಮಾತು ಬಂತು. ಹೊಸಾ ಕಾಯಿಲ್ ಹಾಕಿದ ಮ್ಯಾಲೂ ಯಾರ ಗಾಡಿಯರೆ ಮಿಸ್ ಹೊಡದ್ರ, ಆ ಕುಣ್ಯಾಗ ನೀರು ಇತ್ತೇನು, ಕಸಾ ಇತ್ತೇನು ಅಂತ ಕೇಳಬೇಕಂತ. ಅದು ಗೊತ್ತಾಗದ ಮುಂದಿಂದು ಹೇಳಾಕ ಬರಂಗಿಲ್ಲಂತ."

"ಏನೂ ಇರಲಿಲ್ಲ" ಎಂದೆ.

"ಏನೂ?"

"ಇರಲಿಲ್ಲ ಅಂದ್ನಲ್ಲ ಬೇ."

ಕೊತ್ತಂಬರಿ ಮರೆತು ಹೋದಳು.

ಡಿಸೆಂಬರ್ 19, ಗುರುವಾರ

ಹಿಟ್ಟಿನ ಗಿರಣಿಗೆ ಹೋಗುವಾಗ ರಾಜೇಸಾಬರ ಅಂಗಡಿಯ ಮುಂದೆ ಹಾದೆ. ಮೊದಲು ಅಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಇರುತ್ತಿರಲಿಲ್ಲ. ಇವತ್ತು ಶಟರು ಅರ್ಧ ಇಳಿದಿತ್ತು. ಅವರು ಒಳಗೆ ಕೂತು, ತೊಳೆದ ಪಾನಾಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಆರಾಮ್ ಇದ್ದೀರೇನ್ರಿ ವೈನಿ? ಕಾಲು ಹ್ಯಾಂಗದ ಅವಂದು?"

ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಬೈಯಲು ನನಗೆ ಬರುತ್ತದೆ. ಜೋಳ ಬೀಸಿಸದೆ ಹಾಗೇ ಮನೆಗೆ ಬಂದೆ.

ಡಿಸೆಂಬರ್ 20, ಶುಕ್ರವಾರ

ಬೆಳಿಗ್ಗೆ ಹಿತ್ತಲ ಗೋಡೆಯ ಹತ್ತಿರ ಹಮೀದಾಳನ್ನು ಕರೆದೆ. ಸಜ್ಜೆಯ ಡಬ್ಬಿಯಿಂದ ಕಾಯಿಲ್ ತೆಗೆದು ತೋರಿಸಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ: ತಂಬಿಗೆ, ಕುಂಕುಮ, ಐದನೇ ಕಾಯಿ.

ಹಮೀದಾ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಗೋಡೆ ಹಿಡಿದಳು. ಆಮೇಲೆ ಗೋಡೆ ಬಿಟ್ಟು ನೆಲದ ಮೇಲೇ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನೆತ್ತಿ ಮ್ಯಾಲೇ ಒಡದೀ? ಅಯ್ಯ ನಿನ್ನ!" ಅವಳು ನಗುವುದು ನೋಡಿ ನನಗೂ ತಡೆಯಲಾಗಲಿಲ್ಲ. ನಡುವೆ ಗೋಡೆ, ಎರಡೂ ಕಡೆ ನಾವಿಬ್ಬರು ನೆಲದ ಮೇಲೆ.

ನಗು ನಿಂತ ಮೇಲೆ ಹಮೀದಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ, "ತಿಂಗಳಾತು ಬೇ, ನಮ್ಮವರ ಮುಂದ ಒಂದು ಗಾಡಿ ಬಂದು ನಿಂತಿಲ್ಲ. ಉಣ್ಣಾಕ ಕುಂತ್ರ ತಾಟು ನೋಡ್ಕೋತ ಕುಂಡ್ರತಾರ" ಎಂದಳು.

ನನಗೆ ಬಹಳ ನಾಚಿಕೆಯಾಯಿತು. ನನ್ನ ಬಾಯಿಯ ಒಂದು ಮಾತಿಗೆ ಆ ಮನುಷ್ಯನ ಅಂಗಡಿಯ ಶಟರು ಪೂರ್ತಿ ಮೇಲೇರುತ್ತಿತ್ತು. ಆರು ದಿನ ಅದನ್ನು ಸಜ್ಜೆಯಲ್ಲಿ ಹೂತಿಟ್ಟಿದ್ದೆನಲ್ಲ.

ಅರ್ಧ ತಾಸಿಗೆ ಗೋಡೆಯ ಮೇಲಿಂದ ಉತ್ತರ ಬಂತು. ಈ ಸಲ "ಹಿಂಗ ಮಾತು ಬಂತು" ಇಲ್ಲ. "ನಮ್ಮವರು ಹೇಳ್ಯಾರ: ಮೂರನೇ ಪ್ಲಗ್ ಬಿಚ್ಚೂದ್ಕಿಂತ ಮೊದಲ ಕುಣಿ ಪೂರಾ ಒಣಗಿಸಿ ಸ್ವಚ್ಛ ಮಾಡಬೇಕು, ಕಸಾ ಒಳಗ ಬೀಳಬಾರದು. ಪ್ಲಗ್ಗಿನ ಬಿಳಿ ಪಿಂಗಾಣಿ ಮ್ಯಾಲ ಕರೇ ಗೆರಿ ಅದ ಏನು ನೋಡು. ಇದ್ರ ಕರೆಂಟು ಅಲ್ಲಿಂದ ಓಡಿ ಹೋಗಾಕತ್ತದ. ಆ ಪ್ಲಗ್ ಹೊಸಾದು ಹಾಕು." ಜೊತೆಗೆ ಒಂದು ಪ್ಲಗ್, ಒಂದು ಪ್ಲಗ್ ಪಾನಾ. ಬೋಗುಣಿಯಲ್ಲಿ ಮುಚ್ಚಿಟ್ಟಿರಲಿಲ್ಲ, ಕೈಯಲ್ಲೇ ಕೊಟ್ಟಳು.

ಡಿಸೆಂಬರ್ 21, ಶನಿವಾರ

ಹಳೆಯ ಸೀರೆಯ ಚೂರು ಕಡ್ಡಿಗೆ ಸುತ್ತಿ ಹನ್ನೆರಡು ಸಲ ಒರೆಸಿದೆ, ಕಡೆಯ ಚೂರು ಬಿಳಿಯಾಗಿ ಬರುವ ತನಕ. ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಪ್ಲಗ್ ಬಿಚ್ಚಿದರೆ ಅವರು ಹೇಳಿದಂತೆಯೇ ಪಿಂಗಾಣಿಯ ಮೇಲೆ ಕೂದಲಿನಷ್ಟು ಕಪ್ಪು ಗೆರೆ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುವಿ, ಆಮೇಲೆ ಪಾನಾದಿಂದ ಬಿಗಿದೆ. ಕಾಯಿಲ್ ಕೂರಿಸಿದೆ. ವೈರು ಸಿಕ್ಕಿಸಿದೆ. ಚಾಬಿ ತಿರುಗಿಸಿದೆ.

ಅಬ್ಬಾ! ಆ ಸದ್ದು! ನಡುಕವಿಲ್ಲ, ಕೆಮ್ಮಿಲ್ಲ. ಗಾಡಿಯ ಮುಂದೆ ತಂಬಿಗೆಯಲ್ಲಿ ನೀರಿಟ್ಟಿದ್ದೆ, ಅದು ಕೂಡ ಅಲುಗಲಿಲ್ಲ. ನಾನು ಅಂಗಳದಲ್ಲೇ ಒಂದು ಸುತ್ತು ಕುಣಿದೆ. ನಲವತ್ತೆಂಟು ವರ್ಷದವಳು, ಕೈಯೆಲ್ಲ ಗ್ರೀಸು. ಯಾರು ನೋಡಿದರೇನು.

ಇವರು ಮಂಚ ತಟ್ಟಿ ತಟ್ಟಿ ನಕ್ಕರು. "ಶಾಬ್ಬಾಸ್! ನೋಡಿದಿ? ರಾಜ್ಯಾನ ಡುಪ್ಲಿಕೇಟ್ ಮಾಲು ಹೊರಗ ಹೋತು, ಗಾಡಿ ಹೂವಾತು!"

ಕುಣಿತ ನಿಂತಿತು. ಒಳಗೆ ಹೋಗಿ ಹಳೇ ಕಾಯಿಲ್ ತಂದು ಇವರ ಕೈಯಲ್ಲಿಟ್ಟೆ.

"ಇದು ಡುಪ್ಲಿಕೇಟ್ ಅಲ್ರಿ. ನೋಡ್ರಿ, ಎಷ್ಟು ಕೆಂಪಾಗ್ಯದ. ಪಾಡ್ಯದ ದಿನ ನೀರು ಹಾಕ್ದಾಕಿ ನಾನು, ಕುಂಕುಮ ಹಾಕ್ದಾಕಿ ನಾನು, ಕಾಯಿ ಒಡ್ದಾಕಿ ನಾನು. ತಪ್ಪು ನಂದು."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮಾತು ಇವರ ಕಿವಿಗೆ ಬಿದ್ದಿರಲಿಲ್ಲ. ಕಾಯಿಲನ್ನು ನೋಡುವುದೋ ನನ್ನನ್ನು ನೋಡುವುದೋ ತಿಳಿಯದೆ ಕೂತರು.

"ಎಷ್ಟು ಕಾಯಿ?" ಎಂದರು ಕಡೆಗೆ.

"ಐದು."

"ಐದೂ ಇದರ ಮ್ಯಾಲೇ?"

"ಇಲ್ರಿ, ಒಂದೇ. ಉಳಿದ ನಾಲ್ಕು ಗಾಲಿಗಿ."

ನಗಬೇಕೆಂದು ಬಾಯಿ ತೆರೆದರು, ಆದರೆ ನಗು ಬರಲಿಲ್ಲ. "ನಾ ಅವನಿಗಿ ನಾಲ್ಕು ಮಂದ್ಯಾಗ ಅಂದೇನಿ" ಎಂದರು. ಫೋನ್ ಹಚ್ಚಿದರು. ರಾಜೇಸಾಬ ಎತ್ತಲಿಲ್ಲ. ಮತ್ತೆ ಹಚ್ಚಿದರು, ಮತ್ತೆ ಎತ್ತಲಿಲ್ಲ. ಸಂಜೆ ಹಮೀದಾ ಬಂದು ಹೇಳಿದಳು: "ಗಾಡಿ ಸುದ್ದಿ ಬ್ಯಾರೆ, ಇದು ಬ್ಯಾರೆ ಅಂತಾರ. ಮಾತು ಹೊಟೇಲಿನಾಗ ಹೋಗ್ಯದ, ಅಲ್ಲೇ ತಿರುಗಿ ಬರಬೇಕಂತ."

ಇವರು ಕೋಲು ಹಿಡಿದು ಎದ್ದೇಬಿಟ್ಟರು. ಕೂರಿಸಿದೆ. ಮಾತು ಇವರದಾದರೂ ಕಾಯಿ ನನ್ನದು. ಹೋಗಬೇಕಾದವಳು ನಾನು.

ಡಿಸೆಂಬರ್ 23, ಸೋಮವಾರ

ಗುರಣ್ಣನ ಹೊಟೇಲಿಗೆ ನಮ್ಮೂರ ಹೆಂಗಸರು ಹೋಗುವುದಿಲ್ಲ. ಬೇಡ ಎಂದವರು ಯಾರೂ ಇಲ್ಲ, ಹೋಗುವುದಿಲ್ಲ ಅಷ್ಟೆ. ಬೆಳಗಿನ ಎಂಟಕ್ಕೆ, ಬೆಂಚು ತುಂಬುವ ಹೊತ್ತಿಗೆ, ತಲೆ ಮೇಲೆ ಸೆರಗು ಹೊದ್ದು ಹೋದೆ. ನಾನು ಒಳಗೆ ಕಾಲಿಟ್ಟದ್ದೇ ಕಪ್ಪು ಬಸಿಗಳ ಸಪ್ಪಳವೆಲ್ಲ ನಿಂತಿತು. ರಾಜೇಸಾಬ ಇರಲಿಲ್ಲ. ಅವರು ಆ ಕಡೆ ಬರುವುದು ಬಿಟ್ಟು ತಿಂಗಳಾಗಿದೆ. ಅದನ್ನು ನೆನೆದು ಧೈರ್ಯ ಬಂತು.

ಕಾಯಿಲನ್ನು ಗುರಣ್ಣನ ಮೇಜಿನ ಮೇಲಿಟ್ಟೆ.

"ನಮ್ಮ ಮನಿಯವರು ಇಲ್ಲಿ ನಿಂತು ರಾಜೇಸಾಬ ಅಣ್ಣಾರು ಡುಪ್ಲಿಕೇಟ್ ಮಾಲು ಹಾಕ್ಯಾರ ಅಂದಿದ್ರು. ಅದು ಸುಳ್ಳು. ಅವರು ಕಂಪನಿ ಮಾಲೇ ಹಾಕಿದ್ರು. ಕೆಡಿಸ್ದಾಕಿ ನಾನು. ಪಾಡ್ಯದ ಪೂಜಿ ಒಳಗ ಎಂಜಿನ್ನಿಗಿ ನೀರು, ಕುಂಕುಮ ಹಾಕಿ ಇದರ ನೆತ್ತಿ ಮ್ಯಾಲ ಕಾಯಿ ಒಡದೇನಿ. ನೋಡ್ರಿ, ಇನ್ನೂ ಕೆಂಪದ. ಅವರು ಹಾಕಿದ ಮಾಲಿನಾಗ ಖೋಟ ಇರಲಿಲ್ಲ. ಅಂದ ಮಾತು ನಾವು ವಾಪಸ್ ತಗೊಂಡೇವಿ."

ಕಾಯಿಲ್ ಕೈಯಿಂದ ಕೈಗೆ ಹೋಯಿತು. ಒಬ್ಬರು ಮೂಸಿ ನೋಡಿ, "ಹೌದ್ರಿ, ಕೊಬ್ಬರಿ ವಾಸನಿ!" ಎಂದರು. ಹೊಟೇಲು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗುವ ನಡುವೆ ಖಾದರಸಾಬ ಎಂಬ ಹಾಲಿನ ಗಾಡಿಯವನು ಮಾತ್ರ ನಗದೆ, "ನಮ್ಮ ಮನಿಯಾಕಿ ವಾರಕ್ಕೊಮ್ಮೆ ಪೈಪು ಹಚ್ಚಿ ಎಂಜಿನ್ ತೊಳೀತಾಳ್ರಿ, ಧೂಳು ಕುಂಡ್ರಬಾರದಂತ" ಎಂದು ಎದ್ದೇ ಹೋದ. ಅವನ ಗಾಡಿಯೂ ಮಿಸ್ಸಿಂಗ್ ಹೊಡೆಯುತ್ತಿದೆಯಂತೆ.

ಗುರಣ್ಣ ಚಹಾ ಕೊಟ್ಟ. ಅಲ್ಲೇ ಬೆಂಚಿನ ಮೇಲೆ ಕೂತು ಕುಡಿದೆ. ಮನೆಯ ಚಹಾಕ್ಕಿಂತ ಚೆನ್ನಾಗಿತ್ತು. ಗಂಡಸರು ಈ ಗುಟ್ಟು ಇಷ್ಟು ವರ್ಷ ಇಟ್ಟುಕೊಂಡಿದ್ದರು.

ಡಿಸೆಂಬರ್ 24, ಮಂಗಳವಾರ

ರಾಜೇಸಾಬ ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಇವರು ಗೋಡೆ ನೋಡಿದರು, ಅವರು ಬೇವಿನ ಮರ ನೋಡಿದರು.

"ಪ್ಲಾಸ್ಟರ್ ಯಾವಾಗ ತೆಗೀತಾರೋ?"

"ಹೊಸ ವರ್ಷಕ್ಕ."

"ಹ್ಞಾಂ."

ಇಷ್ಟಕ್ಕೇ ಇಬ್ಬರ ಕಣ್ಣೂ ತುಂಬಿದವು. ಇವರು ಅವರ ಕೈ ಹಿಡಿದು, "ನನ್ನ ನಾಲಿಗಿ ಸುಡಲಿ, ರಾಜ್ಯಾ" ಎಂದರು. "ಸುಡಬ್ಯಾಡ, ಚಹಾ ಕುಡಿಯಾಕ ಬೇಕದ" ಎಂದರು ರಾಜೇಸಾಬ. ನಾನಂತೂ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿಬಿಟ್ಟೆ.

ಹೋಗುವಾಗ ರಾಜೇಸಾಬ ಸೀಟು ಎತ್ತಿ ನನ್ನ ಕೆಲಸ ನೋಡಿದರು. ಪ್ರತಿ ಬೋಲ್ಟನ್ನೂ ಬೆರಳಿನಿಂದ ಮುಟ್ಟಿದರು. "ಒಂದು ವೈರಿನ ಲಾಕು ಪೂರಾ ಕುಂತಿಲ್ಲ ವೈನಿ. ನಾ ಒತ್ತಂಗಿಲ್ಲ. ಯಾವುದಂತ ನೀವೇ ಹುಡುಕ್ರಿ" ಎಂದರು. ಮಾಸ್ತರಿಕೆ ಬೇರೆ. ನೋಡಿದೆ, ಎಲ್ಲ ಸರಿಯಾಗಿಯೇ ಇವೆ.

ಅವರ ಅಂಗಡಿಯ ಮುಂದೆ ಇವತ್ತು ಮೂರು ಗಾಡಿ ನಿಂತಿದ್ದವಂತೆ. ಮೂರರ ಕುಣಿಯಲ್ಲೂ ನೀರು.

ಡಿಸೆಂಬರ್ 29, ಭಾನುವಾರ

ಬಜ್ಜಿ ಪಲ್ಲೆಗೆ ಮೆಂತ್ಯ, ಹಸಿ ತೊಗರಿ, ಅವರೆ, ಹಸಿ ಕಡಲೆ, ಬೋರೆಹಣ್ಣು ಎಲ್ಲ ಅಂಗಳದಲ್ಲಿ ಸುರಿದುಕೊಂಡು ನಾನು, ಹಮೀದಾ ದಿನವಿಡೀ ಸೋಸಿದೆವು. ಅರ್ಧ ಹೊತ್ತು ಮಾತು, ಅರ್ಧ ಹೊತ್ತು ನಗು, ಕಾಳು ಬಿಡಿಸಿದ್ದು ಯಾವಾಗಲೋ ಗೊತ್ತಿಲ್ಲ. ಸಪ್ನಾ ಬಂದಿದ್ದಾಳೆ. ಖಾದರಸಾಬನ ಹೆಂಡತಿ ಗುಲನಾಜ ಬಾಗಿಲಲ್ಲಿ ನಿಂತು, ರಾಜೇಸಾಬರಿಗೆ ಪುರಸೊತ್ತಿಲ್ಲವಂತೆ, ನಮ್ಮ ಗಾಡಿಯ ಕುಣಿ ನೀವೇ ಒಣಗಿಸಿ ಕೊಡುತ್ತೀರಾ ಎಂದು ಕೇಳಿದಳು. ಅಮಾವಾಸ್ಯೆ ಮುಗಿಯಲಿ, ನೋಡೋಣ ಅಂದೆ. ಸಪ್ನಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೇನು ಆಶ್ಚರ್ಯವೋ.

ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ

ರಾಜೇಸಾಬ ಗಾಡಿ ನಡೆಸಿದರು. ಪಕ್ಕದಲ್ಲಿ ಪ್ಲಾಸ್ಟರಿನ ಕಾಲು ಚಾಚಿಕೊಂಡು ಇವರು. ಹಿಂದೆ ಹಾಸಿಗೆ ಹಾಸಿ ನಾನು, ಹಮೀದಾ, ಸಪ್ನಾ, ರೊಟ್ಟಿ ಬುಟ್ಟಿ, ಅಂಬಲಿ ಕೊಡ. ಹೊಲದ ದಾರಿಯ ಏರಿನಲ್ಲಿ ಗಾಡಿ ಒಮ್ಮೆಲೇ ಕೆಮ್ಮಿತು.

ಮುಂದಿನ ಇಬ್ಬರೂ ಇಳಿಯಲಿಲ್ಲ. ತಿರುಗಿ ನನ್ನ ಕಡೆ ನೋಡಿದರು.

"ಏಳ್ರಿ ಇಬ್ರೂ, ಸೀಟು ಎತ್ತಬೇಕು" ಎಂದೆ. ರಾಜೇಸಾಬ ಇವರನ್ನು ಹೆಗಲಿಗೆ ಆನಿಸಿಕೊಂಡು ಇಳಿಸಿದರು. ತೊಗರಿ ಹೊಲದ ಬದುವಿನ ಮೇಲೆ ಒಬ್ಬರ ಮೇಲೊಬ್ಬರು ಒರಗಿ ನಿಂತರು. ಎರಡನೇ ಕಾಯಿಲಿನ ವೈರು ಸಡಿಲ. ಒತ್ತಿದೆ, ಟಕ್ ಎಂದಿತು. ಅವತ್ತು ಅವರು ಹೇಳಿದ್ದು ಇದೇ ಇರಬೇಕು. "ಹತ್ರಿ" ಎಂದೆ. ಗಾಡಿ ಏರು ಹತ್ತಿತು.

ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದೆವು. ಇವರು ಅಂಗಿಯ ಕಿಸೆಯಿಂದ ಹಳೇ ಮೂರನೇ ಕಾಯಿಲ್ ತೆಗೆದು ಐದು ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿದರು.

"ಇದಕ್ಕ ಕುಂಕುಮ ಎಷ್ಟು ಬೇಕಾದ್ರೂ ಹಚ್ಚು" ಎಂದರು.

ಹಚ್ಚಿದೆ. ಮನಸ್ಸು ತುಂಬ ಹಚ್ಚಿದೆ. ರಾಜೇಸಾಬ ಗಾಡಿಯಿಂದ ಹತ್ತು ಹೆಜ್ಜೆ ಲೆಕ್ಕ ಹಾಕಿ ನಿಂತು, "ಕಾಯಿ ಇಲ್ಲಿ ಒಡೀರಿ ವೈನಿ, ಈ ಗೆರಿ ದಾಟಿ ಗಾಡಿ ಕಡಿ ಬರಬ್ಯಾಡ್ರಿ" ಎಂದು ಗೆರೆ ಎಳೆದರು. ಸಪ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದೆವು. ಇವರಿಗೆ ನಡೆಯಲು ಬಾರದ್ದರಿಂದ ಇವರ ಪಾಲಿನ ಮೂಲೆಗೆ ರಾಜೇಸಾಬ ಚೆಲ್ಲಿ ಬಂದರು.

ಊಟಕ್ಕೆ ಕೂತಾಗ ಒಂದು ತುತ್ತು ಬಾಯಿಗಿಟ್ಟೆ. ಬಜ್ಜಿಗೆ ಉಪ್ಪು ಕಡಿಮೆ. ಯಾರೂ ಏನೂ ಅಂದಿರಲಿಲ್ಲ. "ಉಪ್ಪು ಕಮ್ಮಿ ಆಗ್ಯದ್ರಿ. ತಪ್ಪು ನಂದೇ, ಮಾತಿನಾಗ ಮರ್ತೆ" ಎಂದು ಉಪ್ಪಿನ ಬಟ್ಟಲು ಮುಂದಿಟ್ಟೆ.

ಇವರು ರಾಜೇಸಾಬರ ಮುಖ ನೋಡಿದರು, ರಾಜೇಸಾಬ ಇವರ ಮುಖ ನೋಡಿದರು, ಇಬ್ಬರೂ ಬಾಯಲ್ಲಿದ್ದ ರೊಟ್ಟಿ ನುಂಗಲಾರದೆ ನಕ್ಕರು. ಉಪ್ಪು ಕಡಿಮೆಯಾದದ್ದಕ್ಕೆ ಅಷ್ಟು ನಗುವುದು ಏನಿತ್ತೋ, ಈ ಗಂಡಸರಿಗೆ.